ಮೆನುವಿನ ಕೊನೇ ಪುಟ

ನಮ್ಮ ವಿಜಯಪುರದಲ್ಲಿ ಅಂಗಡಿಗಳ ಮೇಲೆ ದಪ್ಪಕ್ಷರದಲ್ಲಿ 'ವೈನ್ಸ್' ಅಂತ ಬೋರ್ಡ್ ಇರುತ್ತೆ. ಒಳಗೆ ವಿಸ್ಕಿ, ಬ್ರಾಂದಿ, ರಮ್, ಬಿಯರ್ ಎಲ್ಲಾ ಸಿಗುತ್ತೆ. ವೈನ್ ಕೇಳಿದರೆ ಮಾತ್ರ ಅಂಗಡಿಯವನು ಒಂದು ಕ್ಷಣ ನಿಮ್ಮ ಮುಖ ನೋಡ್ತಾನೆ. ಆಮೇಲೆ ಒಳಗೆ ಹೋಗಿ, ಧೂಳು ಹಿಡಿದ ಒಂದು ಬಾಟಲಿ ಹುಡುಕಿ ತರ್ತಾನೆ. ಕರ್ನಾಟಕದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯೋ ಜಿಲ್ಲೆಯ ಕಥೆ ಇದು. ತಿಕೋಟಾ, ಬಬಲೇಶ್ವರದ ಕಡೆ ಬಸ್ಸಲ್ಲಿ ಹೋದರೆ ರಸ್ತೆ ಪಕ್ಕ ದ್ರಾಕ್ಷಿ ಪಡ, ಅದರ ಪಕ್ಕ ಒಣದ್ರಾಕ್ಷಿ ಶೆಡ್, ಮತ್ತೆ ದ್ರಾಕ್ಷಿ ಪಡ.

ನಾನು ಆ ತಿಕೋಟಾದ ಕಡೆಯವಳು. ಕೆಲಸ ಬೆಂಗಳೂರಲ್ಲಿ. ಆಫೀಸಿನ ಟೀಮ್ ಡಿನ್ನರ್ ಅಂದರೆ ಮಾಲ್‌ನೊಳಗಿನ ಯಾವುದೋ ಚೈನ್ ರೆಸ್ಟೋರೆಂಟ್. ಎಲ್ಲಾ ಊರಲ್ಲೂ ಅದೇ ಸೋಫಾ, ಅದೇ ಹಾಡು, ಅದೇ ಮೆನು. ಮೆನುವಿನ ಕೊನೇ ಪುಟದಲ್ಲಿ ವೈನ್ ಲಿಸ್ಟ್ ಇರುತ್ತೆ. "ನೀನು ದ್ರಾಕ್ಷಿ ಊರೋಳು, ನೀನೇ ಆರಿಸು" ಅಂತ ಆ ಪುಟವನ್ನ ನನ್ನ ಕಡೆ ತಳ್ತಾರೆ. ಹೀಗೆ ವರ್ಷಗಟ್ಟಲೆ ಆರಿಸಿ ಆರಿಸಿ, ಲಿಸ್ಟಿಗೆ ಮಾರ್ಕ್ಸ್ ಹಾಕೋ ಒಂದು ಪದ್ಧತಿ ನನಗೇ ಅಂತ ಬೆಳೆದಿದೆ. ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಲಿಸ್ಟ್ ಎಷ್ಟುದ್ದ ಇದೆ ಅನ್ನೋದು ಮುಖ್ಯ ಅಲ್ಲ. ಒಂದೊಂದು ಸಾಲು ಏನು ಹೇಳುತ್ತೆ ಅನ್ನೋದು ಮುಖ್ಯ. ಯಾರು ಮಾಡಿದ್ದು, ಯಾವ ದ್ರಾಕ್ಷಿ, ಯಾವ ವರ್ಷ, ಯಾವ ಊರು. ಈ ನಾಲ್ಕು ಇದ್ದರೆ ನಾಲ್ಕೇ ವೈನ್ ಇದ್ದರೂ ಅದು ಒಳ್ಳೇ ಲಿಸ್ಟ್. ಆದರೆ ಸಾಮಾನ್ಯವಾಗಿ ಇರೋದು ಹೀಗೆ: 'ಹೌಸ್ ರೆಡ್. ಮೃದು, ಹಣ್ಣಿನ ಪರಿಮಳ, ಎಲ್ಲಾ ಊಟಕ್ಕೂ ಹೊಂದುತ್ತದೆ.' ಇದು ಮದುವೆ ದಲ್ಲಾಳಿ "ಹುಡುಗ ಬಾಳ ಚೊಲೋ ಅದಾನ" ಅಂದ ಹಾಗೆ. ಹುಡುಗನ ಹೆಸರಿಲ್ಲ, ಊರಿಲ್ಲ, ಕೆಲಸ ಏನು ಅನ್ನೋದೂ ಇಲ್ಲ.

ವರ್ಷ ಯಾಕೆ ಬೇಕು ಅಂದರೆ, ಹಳೇದಾದಷ್ಟೂ ಒಳ್ಳೇದು ಅನ್ನೋ ಮಾತು ಎಲ್ಲಾ ವೈನಿಗೂ ಅನ್ವಯಿಸಲ್ಲ. ಈ ರೆಸ್ಟೋರೆಂಟ್‌ಗಳಲ್ಲಿ ಸಿಗೋ ವೈಟ್ ವೈನ್‌ಗಳಲ್ಲಿ ಹೆಚ್ಚಿನವು ಒಂದೆರಡು ವರ್ಷದೊಳಗೆ ಕುಡಿಯೋಕೆ ಅಂತಲೇ ಮಾಡಿದ್ದು. ಐದು ವರ್ಷ ಶೆಲ್ಫಿನ ಮೇಲೆ ನಿಂತ ಬಾಟಲಿಗೆ ವಯಸ್ಸಾಗಿರುತ್ತೆ, ಅಷ್ಟೇ.

ಎರಡನೆಯದು ಲೆಕ್ಕ. ಬಾಟಲಿಯಲ್ಲಿ 750 ಎಂ.ಎಲ್. ಒಂದು ಗ್ಲಾಸಿಗೆ 150 ಹಾಕಿದರೆ ಐದು ಗ್ಲಾಸು. ಎಷ್ಟೋ ಕಡೆ ಮೊದಲನೇ ಗ್ಲಾಸಿನ ದುಡ್ಡಲ್ಲೇ ಬಾಟಲಿಯ ಅಸಲು ಹುಟ್ಟಿಬಿಡುತ್ತೆ. ಇದನ್ನ ನಾನು ಮೋಸ ಅನ್ನಲ್ಲ. ಮಾಲ್‌ನ ಬಾಡಿಗೆ, ಲೈಸೆನ್ಸ್, ಸಂಬಳ, ಒಡೆಯೋ ಗ್ಲಾಸು ಎಲ್ಲಾ ಅದರಲ್ಲೇ ಬರಬೇಕು. ಆದರೆ ಅಷ್ಟು ಕೊಟ್ಟ ಮೇಲೆ ಒಂದು ಪ್ರಶ್ನೆ ಕೇಳೋ ಹಕ್ಕು ನಮಗಿದೆ: "ಈ ಬಾಟಲಿ ಯಾವಾಗ ಓಪನ್ ಮಾಡಿದ್ದು?" ತೆರೆದ ರೆಡ್ ವೈನ್ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ ಬಾಳುತ್ತೆ. ಸೋಮವಾರ ತೆರೆದು ಕೌಂಟರ್ ಮೇಲೇ ಇಟ್ಟದ್ದು ಶನಿವಾರಕ್ಕೆ ಹುಳಿ ತಿರುಗಿರುತ್ತೆ. ಈ ಪ್ರಶ್ನೆಗೆ ವೇಟರ್ ಸಿಟ್ಟಾಗದೆ, ಒಳಗೆ ಹೋಗಿ ಕೇಳಿಕೊಂಡು ಬಂದರೆ ಎರಡು ಮಾರ್ಕ್ಸ್.

ಮೂರನೆಯದು ತಂಪು. ರೆಡ್ ವೈನ್ ರೂಮ್ ಟೆಂಪರೇಚರಿನಲ್ಲಿರಬೇಕು ಅಂತಾರೆ. ಯಾರ ರೂಮು? ಆ ಮಾತು ಹುಟ್ಟಿದ್ದು ಯುರೋಪಿನ ಥಂಡಿ ಮನೆಗಳಲ್ಲಿ. ಅಲ್ಲಿನ ರೂಮು ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟೋ ವಿಜಯಪುರದಲ್ಲಿ ಅದೇ ನಿಯಮ ಪಾಲಿಸಿದರೆ ವೈನ್ ಅಲ್ಲ, ಕಷಾಯ ಕುಡೀಬೇಕಾಗುತ್ತೆ. ರೆಡ್ ವೈನನ್ನ ಹದಿನೈದು ನಿಮಿಷ ಐಸ್ ಬಕೆಟ್ಟಿನಲ್ಲಿಡಿ ಅನ್ನೋಕೆ ನಾಚಿಕೆ ಬೇಡ.

ನಾಲ್ಕನೆಯದು ಊರು. ನಾನು ಹೆಚ್ಚು ಮಾರ್ಕ್ಸ್ ಇಟ್ಟಿರೋದು ಇದಕ್ಕೆ. ನಾನು ನೋಡಿದ ಲಿಸ್ಟ್‌ಗಳಲ್ಲಿ ಊರಿನ ಹೆಸರು ಹಾಕುವವರು ನಾಸಿಕ್ ಅಂತ ಹಾಕ್ತಾರೆ, ನಂದಿ ಬೆಟ್ಟ ಅಂತ ಹಾಕ್ತಾರೆ. ಸ್ವಲ್ಪ ದುಬಾರಿ ಕಡೆ ಹಂಪಿ ಅಂತಲೂ ಇರುತ್ತೆ. ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯ ಅಕ್ಲೂಜ್ ಕೂಡ ಇರುತ್ತೆ. ವಿಜಯಪುರ ಅನ್ನೋ ಹೆಸರು ಮಾತ್ರ ಒಂದು ಸಲವೂ ಸಿಕ್ಕಿಲ್ಲ.

ಹೆಸರಿನಿಂದ ಏನಾಗುತ್ತೆ ಅಂತ ಕೇಳಬಹುದು. 'ನಾಸಿಕ್ ವ್ಯಾಲಿ ವೈನ್'ಗೆ ಜಿಐ ಟ್ಯಾಗ್ ಇದೆ. ಸಾಂಗ್ಲಿಯ ಒಣದ್ರಾಕ್ಷಿಗೆ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೂ ಇದೆ. ನಮ್ಮ ಜಿಲ್ಲೆಯದೇ ಇಂಡಿ ಲಿಂಬೆಗೆ 2023ರಲ್ಲಿ ಸಿಕ್ಕಿತು. ತಿಕೋಟಾದ ರೈತ ನಾಲ್ಕು ಕಿಲೋ ಹಣ್ಣು ಒಣಗಿಸಿ ಒಂದು ಕಿಲೋ ಒಣದ್ರಾಕ್ಷಿ ಮಾಡಿ, ಎಷ್ಟೋ ಸಲ ಸಾಂಗ್ಲಿ, ತಾಸಗಾಂವ್ ಪೇಟೆಗೇ ಒಯ್ದು ಮಾರ್ತಾನೆ. ಅಲ್ಲಿಂದ ಮುಂದೆ ಆ ಮಾಲು ಯಾವ ಊರಿನದು ಅಂತ ಕೇಳುವವರಿಲ್ಲ.

ಈ ಹೆಸರಿನ ವಿಷಯ ನನಗೆ ಬರೀ ಊರಿನ ಅಭಿಮಾನ ಅಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿ ತಂದಾಗ 'ಕೃಷ್ಣಾ ಕಣಿವೆ' ಅಂತ ನಮ್ಮ ಭಾಗಕ್ಕೂ ಒಂದು ಹೆಸರು ಬಂತು. ಊರಲ್ಲಿ ಮೀಟಿಂಗ್ ಆದವು. ಒಂದು ಕಂಪನಿ ಜೊತೆ ಮಾತಾಗಿ, ಅಪ್ಪ ಎರಡು ಎಕರೆಗೆ ಶಿರಾಜ್ ಮತ್ತು ಕ್ಯಾಬರ್ನೆ ಹಚ್ಚಿದ. ಕುಡಿಯೋದಿರಲಿ, ಬಾಟಲಿ ಮುಟ್ಟದ ಮನೆ ನಮ್ಮದು. "ಕುಡಕರ ಸಲುವಾಗಿ ಹೊಲಾ ಮಾಡತೀಯೇನೋ" ಅಂತ ಅಜ್ಜಿ ತಿಂಗಳುಗಟ್ಟಲೆ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ.

ವೈನ್ ದ್ರಾಕ್ಷಿ ನೀವು ತಿಂದಿರಲಿಕ್ಕಿಲ್ಲ. ಬಟಾಣಿ ಗಾತ್ರದ ಹಣ್ಣು, ದಪ್ಪ ಸಿಪ್ಪೆ, ಒಳಗೆಲ್ಲಾ ಬೀಜ. ರೆಡ್ ವೈನಿನ ಬಣ್ಣ, ಒಗರು ಎಲ್ಲಾ ಬರೋದು ಆ ಸಿಪ್ಪೆ, ಬೀಜದಿಂದಲೇ. ವೈನಿಗೆ ಅದು ಗುಣ, ಸಂತೆಗೆ ದೋಷ. ನಮ್ಮ ಕಡೆ ಎಲ್ಲರೂ ಬೆಳೆಯೋ ಥಾಮ್ಸನ್ ಸೀಡ್‌ಲೆಸ್‌ಗೆ ಎರಡು ಬಾಗಿಲು. ಹಸಿ ಹಣ್ಣಿಗೆ ರೇಟ್ ಇದ್ದರೆ ಹಾಗೇ ಮಾರಬಹುದು, ಇಲ್ಲದಿದ್ದರೆ ಒಣಗಿಸಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬಹುದು. ವೈನ್ ದ್ರಾಕ್ಷಿಗೆ ಒಂದೇ ಬಾಗಿಲು. ಅದರ ಕೀಲಿ ಕಂಪನಿ ಕೈಯಲ್ಲಿ.

ಎರಡು ಸುಗ್ಗಿ ಚೊಲೋ ಹೋಯಿತು. ಮೂರನೇ ವರ್ಷ ಮಾರ್ಚ್‌ನಲ್ಲಿ ಹಣ್ಣಿನ ಸಿಹಿ 23 ಬ್ರಿಕ್ಸ್‌ಗೆ ಬಂದು ನಿಂತಿತ್ತು. ಅಪ್ಪ ಫೋನ್ ಮಾಡಿದರೆ ಕಂಪನಿಯವರು "ನಾಳೆ ಗಾಡಿ ಕಳಸ್ತೀವಿ" ಅಂದರು. ನಾಳೆ ನಾಡಿದ್ದಾಯ್ತು. ಆಮೇಲೆ ಫೋನ್ ಎತ್ತೋದೇ ಬಿಟ್ಟರು. ಅಪ್ಪ ಹತ್ತು ದಿನ ದಾರಿ ನೋಡಿದ. ಹಣ್ಣು ಬಳ್ಳಿಯಲ್ಲೇ ಬಾಡಿತು, ಜೇನ್ನೊಣ ಮುತ್ತಿದವು. ಮಳೆಗಾಲಕ್ಕೆ ಮುಂಚೆ ಜೆಸಿಬಿ ತರಿಸಿ ಎರಡೂ ಎಕರೆ ಬುಡಸಮೇತ ಕಿತ್ತಿಸಿದ. ಕಬ್ಬಿಣದ ಆಂಗಲ್ಲು, ತಂತಿ, ಡ್ರಿಪ್ ಪೈಪು ಹಾಗೇ ಉಳಿದವು. ಅದರ ಮೇಲೆ ಈಗ ಥಾಮ್ಸನ್ ಹಬ್ಬಿದೆ. ಅಜ್ಜಿ ಆ ದಿನ ಒಂದು ಮಾತೂ ಆಡಲಿಲ್ಲ. ಅಪ್ಪನಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಹಾಕಿದಳು.

ಹಾಗಾಗಿ ಊರಿನ ಹೆಸರಿಲ್ಲದ ಲಿಸ್ಟ್ ನೋಡಿದಾಗ ನನಗೆ ಮೊದಲು ನೆನಪಾಗೋದು ಬರದೇ ಹೋದ ಆ ಗಾಡಿ. ಮೆನುವಿನಲ್ಲಿ 'ತಿಕೋಟಾದ ಶಿರಾಜ್' ಅಂತ ಅಚ್ಚಾಗಿದ್ದರೆ, ಅದನ್ನ ಹತ್ತು ಜನ ಹೆಸರು ಹಿಡಿದು ಕೇಳ್ತಿದ್ದರೆ, ತಿಕೋಟಾದ ಹಣ್ಣು ಬಿಟ್ಟು ಬೇರೆ ಕಡೆಯ ಹಣ್ಣು ತರೋದು ಯಾವ ಕಂಪನಿಗೂ ಅಷ್ಟು ಸಲೀಸಾಗಲ್ಲ. ಊರು ಬದಲಾದರೆ ಲೇಬಲ್ ಬದಲಾಗಬೇಕು, ಮೆನು ಬದಲಾಗಬೇಕು, ಗಿರಾಕಿಗೆ ಉತ್ತರ ಕೊಡಬೇಕು. 'ಹೌಸ್ ರೆಡ್' ಅಂತ ಬರೆದರೆ ಯಾವ ಹೊಲದ್ದಾದರೂ ಆಯ್ತು, ಯಾರನ್ನ ಬಿಟ್ಟರೂ ಆಯ್ತು.

ಕಳೆದ ಚಳಿಗಾಲದಲ್ಲಿ ಗೋಳಗುಮ್ಮಟ ನೋಡೋಕೆ ಅಂತ ಆಫೀಸಿನ ಗೆಳತಿಯರು ಬಂದಿದ್ದರು. ರಾತ್ರಿ ಊಟಕ್ಕೆ ವಿಜಯಪುರದಲ್ಲೇ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋದೆವು. ಕೊನೇ ಪುಟದಲ್ಲಿ ಎರಡೇ ಸಾಲು: ರೆಡ್ ವೈನ್, ವೈಟ್ ವೈನ್. ವೇಟರ್ ಇಪ್ಪತ್ತು-ಇಪ್ಪತ್ತೆರಡರ ಹುಡುಗ.

"ಯಾವ ಊರಿಂದಪಾ ತಮ್ಮಾ ಇದು?" ಅಂದೆ.

"ಗೊತ್ತಿಲ್ರೀ ಅಕ್ಕಾರ. ತಡೀರಿ, ಬಾಟ್ಲಿನ ತರತೀನಿ."

ತಂದ. ಇಬ್ಬರೂ ಸೇರಿ ಹಿಂದಿನ ಲೇಬಲ್ಲಿನ ಸಣ್ಣ ಅಕ್ಷರ ಓದಿದೆವು. ಮಹಾರಾಷ್ಟ್ರದ ಒಂದು ವೈನರಿಯ ವಿಳಾಸ ಇತ್ತು. ದ್ರಾಕ್ಷಿ ಎಲ್ಲಿಯದು ಅಂತ ಇರಲಿಲ್ಲ. ಹುಡುಗ ಬಬಲೇಶ್ವರದವನಂತೆ, ಮನೆಯಲ್ಲಿ ಮೂರು ಎಕರೆ ದ್ರಾಕ್ಷಿ ಇದೆಯಂತೆ. ಬಾಟಲಿಯನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಮ್ಮ ಕಡೆ ಹಣ್ಣೂ ಇದರಾಗ ಇರಬಹುದೇನ್ರೀ?" ಅಂತ ಕೇಳಿದ. ಒಂದು ಬಾಟಲಿಗೆ ಹೆಚ್ಚೂಕಮ್ಮಿ ಒಂದು ಕಿಲೋಕ್ಕಿಂತ ಸ್ವಲ್ಪ ಜಾಸ್ತಿ ಹಣ್ಣು ಬೇಕು ಅನ್ನೋದನ್ನ ನಾನು ಹೇಳಬಲ್ಲೆ. ಆ ಹಣ್ಣು ಯಾರದು ಅಂತ ಹೇಳೋಕೆ ಆ ಲೇಬಲ್ಲಿನಿಂದ ಆಗಲ್ಲ.

ಮರುದಿನ ಮನೆಯಲ್ಲಿ ಅಪ್ಪನಿಗೆ ಇದನ್ನ ಹೇಳಿದೆ. ನಾನು ವೈನ್ ಕುಡೀತೀನಿ ಅನ್ನೋದು ಅವನಿಗೆ ಗೊತ್ತಾಗಿದ್ದೂ ಆಗಲೇ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನು ಕೇಳಿದ್ದು ಒಂದೇ: "ಶಿರಾಜ್ ಹೆಂಗಿರತೈತಿ ಯವ್ವಾ ಕುಡಿಯಾಕ?" ಮೂರು ವರ್ಷ ಚಾಟ್ನಿ ಮಾಡಿ, ಔಷಧ ಹೊಡೆದು, ಟ್ಯಾಂಕರ್ ನೀರು ಹಾಕಿ ಬೆಳೆದವನಿಗೆ ಅದರ ರುಚಿ ಗೊತ್ತಿರಲಿಲ್ಲ. "ಕರಿಮೆಣಸಿನ ವಾಸನಿ ಬರತೈತಪಾ, ಸ್ವಲ್ಪ ಒಗರು" ಅಂದೆ. "ಹೂಂ, ಹಣ್ಣೂ ಒಗರ ಇತ್ತು" ಅಂದ.

ಈಗ ನನ್ನ ಮಾರ್ಕ್ಸ್ ಕಾರ್ಡ್ ಹೀಗಿದೆ. ಮಾಡಿದವರ ಮತ್ತು ದ್ರಾಕ್ಷಿಯ ಹೆಸರಿಗೆ ಎರಡು, ವರ್ಷಕ್ಕೆ ಎರಡು, ಯಾವಾಗ ತೆರೆದದ್ದು ಅಂತ ಹೇಳಿದರೆ ಎರಡು, ತಂಪಿಗೆ ಒಂದು, ದ್ರಾಕ್ಷಿ ಬೆಳೆದ ಊರಿಗೆ ಮೂರು. ಒಟ್ಟು ಹತ್ತು. ಬೆಂಗಳೂರಿನ ಚೈನ್‌ಗಳಲ್ಲಿ ನಾನು ಇದುವರೆಗೆ ಕೊಟ್ಟ ಅತಿ ಹೆಚ್ಚು ಅಂದರೆ ಆರು. ವಿಜಯಪುರದ ಆ ಎರಡು ಸಾಲಿನ ಲಿಸ್ಟಿಗೆ ಸೊನ್ನೆ. ಕೇಳಿದ ಕೂಡಲೇ ಬಾಟಲಿ ತಂದು ಜೊತೆಗೆ ಕೂತು ಲೇಬಲ್ ಓದಿದ ಹುಡುಗನಿಗೆ ನನ್ನ ಕಡೆಯಿಂದ ಒಂದು. ಮುಂದಿನ ಶುಕ್ರವಾರ ನಿಮ್ಮ ಕೈಗೆ ಆ ಕೊನೇ ಪುಟ ಬಂದರೆ ನೀವೂ ಕೇಳಿ ನೋಡಿ: "ಇದು ಯಾವ ಊರಿನ ದ್ರಾಕ್ಷಿ?" ಉತ್ತರ ಬರಲಿಕ್ಕಿಲ್ಲ. ಆದರೂ ವಾರಕ್ಕೆ ಹತ್ತು ಟೇಬಲ್‌ನಿಂದ ಅದೇ ಪ್ರಶ್ನೆ ಹೋದರೆ, ಮೆನು ಅಚ್ಚು ಹಾಕಿಸೋರಿಗೆ ಯಾವತ್ತಾದರೂ ಒಂದು ದಿನ ಕೇಳಿಸುತ್ತೆ.