ಲಾಕ್‌ಹಾರ್ಟ್‌ನ ಕೋರ್ಟು ಚೌಕ

ಆಸ್ಟಿನ್‌ನಿಂದ 183ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಲಾಕ್‌ಹಾರ್ಟ್ ಸಿಗುತ್ತದೆ. ಟೆಕ್ಸಸ್‌ನ ಜನ ಈ ಊರಿಗೆ ಬರುವುದು ಬಾರ್ಬೆಕ್ಯೂ ತಿನ್ನಲು. ತಂಗಿಯ ಮನೆಯಿಂದ ಹೊರಟ ನನಗೆ ಬೇಕಿದ್ದದ್ದು ಕಾಲ್ಡ್‌ವೆಲ್ ಕೌಂಟಿಯ ಕೋರ್ಟ್‌ಹೌಸ್. 1894ರ ಕಟ್ಟಡ, ತಿಳಿಬಣ್ಣದ ಕಲ್ಲಿಗೆ ಕೆಂಪು ಕಲ್ಲಿನ ಅಂಚು, ನೆತ್ತಿಯಲ್ಲಿ ಗಡಿಯಾರದ ಗೋಪುರ. ಅಂಗಡಿಸಾಲುಗಳೆಲ್ಲ ಅದರತ್ತಲೇ ಮುಖ ಮಾಡಿ ನಿಂತಿವೆ.

ಟೆಕ್ಸಸ್‌ನಲ್ಲಿ ಇಂಥ ಕೌಂಟಿಗಳು 254. ಪ್ರತಿಯೊಂದಕ್ಕೂ ಒಬ್ಬ ಕೌಂಟಿ ಜಡ್ಜ್, ನಾಲ್ವರು ಕಮಿಷನರ್‌ಗಳು. ಈ ಐವರು ಸೇರಿ ನಡೆಸುವ ಸಭೆಗೆ ಕಮಿಷನರ್ಸ್ ಕೋರ್ಟ್ ಎಂದು ಹೆಸರಿದ್ದರೂ ಅದರ ಮುಖ್ಯ ಕೆಲಸ ನಮ್ಮ ಜಿಲ್ಲಾ ಪಂಚಾಯಿತಿಯದು: ಬಜೆಟ್, ರಸ್ತೆ, ಸೇತುವೆ. ಶೆರಿಫ್ ಬೇರೆ. ನಗರದ ಪೊಲೀಸರ ಸರಹದ್ದಿನ ಆಚೆಗಿನ ಹಳ್ಳಿಗಾಡಿನ ಕಾವಲು, ಕೌಂಟಿಯ ಜೈಲು ಎರಡೂ ಅವನ ಹೊಣೆ. ನಮ್ಮ ಎಸ್‌ಪಿಯನ್ನು ಬೆಂಗಳೂರಿನ ಒಂದು ಆದೇಶ ರಾತ್ರೋರಾತ್ರಿ ಎತ್ತಂಗಡಿ ಮಾಡಬಹುದು. ಶೆರಿಫ್ ಮಾತ್ರ ನಾಲ್ಕು ವರ್ಷಕ್ಕೊಮ್ಮೆ ಜನರ ಮುಂದೆ ಮತ ಕೇಳಿ ನಿಲ್ಲಬೇಕು. ಆ ಏರ್ಪಾಡು ನನಗೆ ಹಿಡಿಸಿತು.

ನ್ಯಾಯಾಧೀಶರೂ ಹಾಗೆಯೇ ಪಕ್ಷದ ಹೆಸರಿನಲ್ಲಿ ಚುನಾವಣೆಗೆ ನಿಲ್ಲುತ್ತಾರೆ ಎಂಬುದು ಮಾತ್ರ ಒಪ್ಪಿಗೆಯಾಗಲಿಲ್ಲ. ತಮ್ಮೆದುರು ವಾದಿಸುವ ವಕೀಲರಿಂದಲೇ ಮಿತಿಯೊಳಗೆ ದೇಣಿಗೆ ಪಡೆಯಲು ಕಾನೂನಿನ ಅಡ್ಡಿಯಿಲ್ಲ. ಎದುರಾಳಿಯ ವಕೀಲ ದೇಣಿಗೆ ಕೊಟ್ಟಿದ್ದಾನೆಂದು ಗೊತ್ತಿರುವ ಕಕ್ಷಿದಾರ ಯಾವ ನೆಮ್ಮದಿಯಲ್ಲಿ ಕೋರ್ಟಿಗೆ ಬಂದಾನು?

ಮರುದಿನ ಬೇರೊಂದು ಕೌಂಟಿಯ ಜಸ್ಟೀಸ್ ಆಫ್ ದಿ ಪೀಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕುಳಿತೆ. ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಇದು ಅಲ್ಲಿನ ಅತಿ ಕೆಳಗಿನ ಮೆಟ್ಟಿಲು. 20,000 ಡಾಲರ್‌ವರೆಗಿನ ಸಿವಿಲ್ ವ್ಯಾಜ್ಯ, ದಂಡದಲ್ಲೇ ಮುಗಿಯುವ ಸಣ್ಣ ಅಪರಾಧ, ಬಾಡಿಗೆದಾರರನ್ನು ತೆರವು ಮಾಡಿಸುವ ದಾವೆ ಎಲ್ಲವೂ ಇಲ್ಲಿಗೇ ಬರುತ್ತವೆ. ಈ ಜಡ್ಜ್ ಮದುವೆಯನ್ನೂ ಮಾಡಿಸಬಹುದು. ಮೆಡಿಕಲ್ ಎಕ್ಸಾಮಿನರ್ ಇಲ್ಲದ ಕೌಂಟಿಗಳಲ್ಲಿ ಅನುಮಾನಾಸ್ಪದ ಸಾವಾದರೆ ನಡುರಾತ್ರಿ ಎದ್ದು ಹೋಗಿ ಮರಣದ ಕಾರಣ ನಿರ್ಧರಿಸುವುದೂ ಇವರೇ. ಕಾನೂನು ಪದವಿ ಇರಲೇಬೇಕೆಂದಿಲ್ಲ.

ಅಂದು ನಾನು ನೋಡಿದ್ದು ತೆರವಿನ ದಾವೆಗಳನ್ನು. ಕೆಲಸದ ಸಮವಸ್ತ್ರದಲ್ಲೇ ಬಂದಿದ್ದ ಹೆಂಗಸೊಬ್ಬಳು ಬಾಡಿಗೆ ಬಾಕಿಯಿರುವುದನ್ನು ಒಪ್ಪಿಕೊಂಡಳು. ಅವಳಿಗೆ ವಕೀಲರಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ತೀರ್ಪಾಯಿತು. ಮೇಲ್ಮನವಿಗೆ ಐದು ದಿನ ಇದೆ, ಕೌಂಟಿ ಕೋರ್ಟಿನಲ್ಲಿ ವಿಚಾರಣೆ ಮೊದಲಿನಿಂದ ನಡೆಯುತ್ತದೆ ಎಂದು ಜಡ್ಜ್ ಬಿಡಿಸಿ ಹೇಳಿದರು. ಶುಲ್ಕ ಕಟ್ಟಲಾಗದವರ ಅರ್ಜಿಯನ್ನು ಗುಮಾಸ್ತೆ ತಾನಾಗಿಯೇ ಕೈಗಿತ್ತಳು. ಆ ಹೆಂಗಸು ಸುಮ್ಮನಿದ್ದುಬಿಟ್ಟರೆ ಮುಂದೆ ಕಾನ್‌ಸ್ಟೆಬಲ್ ಕಡೆಯವರು ಬಾಗಿಲಿಗೆ 24 ಗಂಟೆಯ ನೋಟಿಸ್ ಅಂಟಿಸಿ, ಆಮೇಲೆ ಮನೆ ಖಾಲಿ ಮಾಡಿಸುತ್ತಾರೆ. ಆ ಕಾನ್‌ಸ್ಟೆಬಲ್ ಕೂಡ ಜನ ಆರಿಸಿದವನೇ.

ರಾತ್ರಿ ಊಟಕ್ಕೆ ಕೂತಾಗ ತಂಗಿಯನ್ನು ಕೇಳಿದೆ, ಇಷ್ಟೊಂದು ಜನರಿಗೆ ಹೇಗೆ ವೋಟು ಹಾಕುತ್ತೀ ಎಂದು.

“ಪ್ರೆಸಿಡೆಂಟ್ ಯಾರು ಅಂತ ಎಲ್ರಿಗೂ ಗೊತ್ತಿರತ್ತೆ ಅಣ್ಣಾ, ಈ ಜಡ್ಜ್‌ಗಳು ಯಾರಿಗೆ ಗೊತ್ತು?” ಎಂದಳು.

ಮೊದಲು ಒಂದೇ ಗುರುತು ಹಾಕಿ ಪಕ್ಷದ ಅಷ್ಟೂ ಅಭ್ಯರ್ಥಿಗಳಿಗೆ ಮತ ಕೊಡಬಹುದಿತ್ತು. 2020ರಿಂದ ಅದು ನಿಂತಿದೆ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಆರಿಸಬೇಕು. ಮತಗಟ್ಟೆಯಲ್ಲಿ ಮೊಬೈಲ್ ಬಳಸುವಂತಿಲ್ಲ, ಚೀಟಿ ಒಯ್ಯಬಹುದು. ಹಾಗಾಗಿ ಚುನಾವಣೆ ಹತ್ತಿರ ಬಂದಾಗ ಅವಳು ಅಭ್ಯರ್ಥಿಗಳ ಬಗ್ಗೆ ಓದಿ, ಜಸ್ಟೀಸ್ ಆಫ್ ದಿ ಪೀಸ್‌ವರೆಗಿನ ಹೆಸರುಗಳನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡು ಹೋಗುತ್ತಾಳಂತೆ.