ಹಲ್ಲಿನೊಳಗಿನ ಕಾಲುವೆ

ವರ್ಕ್ ಫ್ರಮ್ ಹೋಮ್ ಅಂತ ಸಿಂಧನೂರಿಗೆ ಬಂದಿದ್ದಾಗ ಅಪ್ಪನಿಗೆ ದವಡೆಹಲ್ಲಿನ ನೋವು ಶುರುವಾಯಿತು. "ಕಿತ್ತಿಸಿ ಒಗದ್ರ ಮುಗೀತು, ಅದಕ್ಯಾಕ ಅಷ್ಟು ರೊಕ್ಕ?" ಎಂದರು. ಅಮ್ಮ ಹೀಗೇ ಒಂದೊಂದಾಗಿ ಕೀಳಿಸಿಕೊಂಡು ಈಗ ಜೋಳದ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಾಳೆ. ಹಟ ಹಿಡಿದು ಅಪ್ಪನನ್ನು ಕರೆದೊಯ್ದೆ.

ರೂಟ್ ಕೆನಾಲ್ ಶುರುವಾದಾಗ ಬ್ಲೀಚಿನ ವಾಸನೆ ಬಂತು. ನನಗೆ ಗಾಬರಿ. ಡಾಕ್ಟರ್ ನಕ್ಕರು. ಅದು ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಯ ಬ್ಲೀಚಿನಲ್ಲಿ ಇರುವುದೂ ಅದೇ. ಮೊದಲ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಇದರ ಶೇ 0.5ರ ದ್ರಾವಣವನ್ನು ಸೈನಿಕರ ಗಾಯ ತೊಳೆಯಲು ತಂದರಂತೆ. ಬೇರಿನ ಸಣ್ಣ ಕವಲುಗಳಿಗೆ ಸೂಜಿಯಂಥ ಫೈಲ್ ಹೋಗದು. ಅಲ್ಲಿಗೆ ದ್ರಾವಣ ಹೊಕ್ಕು ಸತ್ತ ನರವನ್ನು ಕರಗಿಸಿ, ಕ್ರಿಮಿ ಕೊಲ್ಲಬೇಕು. ಬಾಯಿಗೆ ಇಳಿಯದಂತೆ ರಬ್ಬರ್ ಡ್ಯಾಮ್ ಕಟ್ಟಿದ್ದರು.

ಹೊರಗೆ ಬಂದ ಅಪ್ಪ, "ನಮ್ಮ ಎಡದಂಡೆ ಕಾಲುವಿ ಇದ್ದಂಗ ಬಿಡು. ಹೂಳು ತೆಗೀದಿದ್ರ ಕೊನಿ ಹೊಲಕ್ಕ ನೀರು ಹೆಂಗ ಮುಟ್ಟತೈತಿ?" ಎಂದರು. ನೋವು ನಿಂತಿದ್ದರೂ ಎರಡನೇ ಸಿಟಿಂಗಿಗೆ ತಾವೇ ಹೊರಟರು.

ಕ್ಯಾಪ್ ಕೂಡಿಸಿದ ಮೇಲೆ ಅಪ್ಪ ಕಡಕ್ ರೊಟ್ಟಿ ಮುರಿಯುವುದನ್ನು ನೋಡಿ ಅಮ್ಮ ಕೇಳಿದಳು: "ನನ್ನವೂ ಉಳೀತಿದ್ವೇನೋ?"

ಐದು ವರ್ಷ ಬೆಂಗಳೂರಲ್ಲಿ ಸಂಬಳ ಎಣಿಸಿದ ನಾನು ಒಮ್ಮೆಯೂ ಅವಳ ಹಲ್ಲಿನ ಬಗ್ಗೆ ಕೇಳಿರಲಿಲ್ಲ. ತಲೆ ತಗ್ಗಿಸಿದೆ.