ಸುರಪುರದ ದಾರಿಯಲ್ಲಿ ಸೂಪರ್‌ಮ್ಯಾನ್

ದಸರೆಯ ರಜೆ. ಬೆಂಗಳೂರಿನಿಂದ ಮುಂಬಯಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಒಂದು ಡಬ್ಬಿಯಲ್ಲಿ ಇಬ್ಬರು ಪ್ರಯಾಣಿಕರು ಒಂದೇ ಮೊಬೈಲಿನ ಪುಟ್ಟ ತೆರೆಗೆ ಕಣ್ಣು ನೆಟ್ಟು ಕುಳಿತಿದ್ದರು. ಒಬ್ಬರು ಅರವತ್ತೆಂಟು ತುಂಬಿದ ನಿವೃತ್ತ ಬ್ಯಾಂಕು ಅಧಿಕಾರಿ. ಇನ್ನೊಬ್ಬನು ಅವರ ಹನ್ನೊಂದು ವರ್ಷದ ಮೊಮ್ಮಗ. ಹುಟ್ಟಿ ಬೆಳೆದುದು ಬೆಂಗಳೂರಿನಲ್ಲಾದರೂ ಹುಡುಗನು ಅವರನ್ನು 'ಮುತ್ಯಾ' ಎಂದೇ ಕರೆಯುತ್ತಾನೆ. ಅದು ಯಾದಗಿರಿಯ ಕಡೆಯ ಮಾತು. ಊರು ಬಿಟ್ಟು ಹೋದ ಮನೆತನದಲ್ಲಿ ಊರಿನ ಗುರುತಾಗಿ ಉಳಿದಿದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು. ಆ ಊರನ್ನು ಮೊಮ್ಮಗನಿಗೆ ಒಮ್ಮೆ ತೋರಿಸಬೇಕೆಂಬುದು ಮುತ್ಯಾ ಅವರ ಬಹುದಿನದ ಆಸೆ.

ಅವರು ನೋಡುತ್ತಿದ್ದುದು 'ಸೂಪರ್‌ಮ್ಯಾನ್' ಚಿತ್ರದ ಎರಡನೆಯ ಭಾಗ. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರ ಕಲ್ಪನೆಯಿಂದ ಹುಟ್ಟಿ 1938ರಲ್ಲಿ ಅಮೆರಿಕದ ಚಿತ್ರಕಥೆಯ ಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿಕೊಂಡ ಈ ವೀರನು 1978ರಲ್ಲಿ ಭಾರಿ ವೆಚ್ಚದ ವರ್ಣಚಿತ್ರದ ನಾಯಕನಾದನು. ಅದರ ಮುಂದುವರಿಕೆ 1980ರ ಕೊನೆಯಲ್ಲಿ ತೆರೆಕಂಡಿತು. ಬೇರೊಂದು ಗ್ರಹದಲ್ಲಿ ಹುಟ್ಟಿ, ಭೂಮಿಯ ಸಾಕುತಂದೆತಾಯಿಯರ ಮಡಿಲಲ್ಲಿ ಬೆಳೆದವನು ನಾಯಕ. ಅವನ ಗ್ರಹದಿಂದಲೇ ಗಡೀಪಾರಾದ ಮೂವರು ದುಷ್ಟರು ಆಕಾಶದ ಸೆರೆಯಿಂದ ಬಿಡುಗಡೆ ಹೊಂದಿ, ಚಂದ್ರನನ್ನು ಹಾಯ್ದು ಭೂಮಿಗೆ ಇಳಿಯುತ್ತಾರೆ. ಅದೇ ಹೊತ್ತಿನಲ್ಲಿ ನಾಯಕನು ತಾನು ಒಲಿದ ಹೆಣ್ಣಿನೊಡನೆ ಸಾಮಾನ್ಯನಂತೆ ಬಾಳಬೇಕೆಂದು ತನ್ನ ಶಕ್ತಿಯನ್ನೆಲ್ಲ ತ್ಯಜಿಸಿಬಿಡುತ್ತಾನೆ.

ಎಂಬತ್ತರ ದಶಕದ ಮೊದಲಲ್ಲಿ, ಹೈದರಾಬಾದಿನಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದಾಗ, ಮುತ್ಯಾ ಈ ಚಿತ್ರವನ್ನು ನೋಡಿದ್ದರು. ಈಗ ನೋಡುತ್ತಿದ್ದಂತೆ ಅವರ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯಾಯಿತು. ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಬಾಂಬಿನ ಗಲಾಟೆಯೊಂದು ಮೊದಲಲ್ಲೇ ಬರಬೇಕಾಗಿತ್ತು, ಬರಲಿಲ್ಲ. ಹಿಮದ ಅರಮನೆಯಲ್ಲಿ ಮಗನಿಗೆ ಬುದ್ಧಿ ಹೇಳಿದವಳು ತಾಯಿ ಎಂದು ಅವರ ನೆನಪು. ಇಲ್ಲಿ ತಂದೆ ಹೇಳುತ್ತಿದ್ದಾನೆ. ವಯಸ್ಸಾದವರಿಗೆ ನೆನಪು ಕೈಕೊಟ್ಟಾಗ ಆಗುವ ಭಯವನ್ನು ಅವರು ಯಾರಿಗೂ ಹೇಳಲಿಲ್ಲ. ತೆರೆಯ ಮೇಲೆ, ಶಕ್ತಿಯನ್ನು ಕಳೆದುಕೊಂಡ ನಾಯಕನು ದಾರಿಬದಿಯ ಹೋಟೆಲೊಂದರಲ್ಲಿ ಪುಂಡನೊಬ್ಬನಿಂದ ಪೆಟ್ಟು ತಿಂದು, ಜೀವಮಾನದಲ್ಲಿ ಮೊದಲ ಬಾರಿಗೆ ತನ್ನದೇ ರಕ್ತವನ್ನು ಕಂಡು ಬೆರಗಾದನು. ಅಷ್ಟರಲ್ಲಿ ಮೊಬೈಲಿನ ಬ್ಯಾಟರಿ ಮುಗಿಯಿತು.

"ಮುಂದೆ?" ಎಂದನು ಹುಡುಗ.

"ಧಾರಾವಾಹಿ ಇದ್ದಂಗ, ತಮ್ಮಾ. ಮುಂದಿನದು ಸುರಪುರದಾಗ," ಎಂದು ಮುತ್ಯಾ ನಕ್ಕರು.

ಬೆಳಗಿನ ಜಾವ ರಾಯಚೂರನ್ನು ಬಿಟ್ಟ ರೈಲು ಕೃಷ್ಣೆಯ ದೀರ್ಘ ಸೇತುವೆಯನ್ನು ದಾಟಿ ಯಾದಗಿರಿಯನ್ನು ಮುಟ್ಟಿತು. ಮುಂಬಯಿಯ ಕಡೆಯಿಂದ ಬಂದ ಹಳಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡುದು 1871ರಲ್ಲಿ. ಅಂದಿನಿಂದ ಯಾದಗಿರಿಯು ಈ ಸೀಮೆಯ ಹೆಬ್ಬಾಗಿಲಾಗಿದೆ. ಊರಿನ ನೆತ್ತಿಯ ಮೇಲೆ ಬಂಡೆಗಳ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಯಾದವರ ಗಿರಿ ಎಂಬುದರಿಂದ ಊರಿಗೆ ಈ ಹೆಸರು ಬಂತೆಂದು ಜನರು ಹೇಳುತ್ತಾರೆ. ಬಾಲ್ಯದಲ್ಲಿ ಒಂದೇ ಉಸಿರಿಗೆ ಹತ್ತುತ್ತಿದ್ದ ಬೆಟ್ಟವನ್ನು ಮುತ್ಯಾ ಈ ಸಲ ಅರ್ಧಕ್ಕೇ ಬಿಟ್ಟರು, ಮೊಣಕಾಲು ಒಪ್ಪಲಿಲ್ಲ. ಹುಡುಗನು ಮೇಲಕ್ಕೆ ಓಡಿ, ಗೋಡೆಯ ಪಕ್ಕದಿಂದ ಕೈಬೀಸಿ, ಭೀಮಾ ನದಿ ಕಾಣುತ್ತದೆಂದು ಕೂಗಿದನು.

ಕೆಳಗೆ ಚಹದ ಅಂಗಡಿಯಲ್ಲಿ ಕುಳಿತಾಗ ಮಾತು ಮತ್ತೆ ಚಿತ್ರಕ್ಕೆ ತಿರುಗಿತು. ಸೂಪರ್‌ಮ್ಯಾನನು ಅಮೆರಿಕದವನೆಂದೇ ಹುಡುಗನ ನಂಬಿಕೆ. ಆದರೆ 1960ರಲ್ಲೇ ಹಿಂದಿಯಲ್ಲಿ ಸೂಪರ್‌ಮ್ಯಾನನ ಹೆಸರಿನ ಚಿತ್ರಗಳು ಬಂದಿದ್ದವು, ನಾಯಕನಾಗಿದ್ದವರು ಜೈರಾಜ್. ಅವರು ಹುಟ್ಟಿದುದು ನಿಜಾಮರ ಸಂಸ್ಥಾನದ ಕರೀಂನಗರದಲ್ಲಿ. ಆಗ ಯಾದಗಿರಿಯೂ ಅದೇ ಸಂಸ್ಥಾನದ ಊರು. 1948ರಲ್ಲಿ ನಿಜಾಮರ ಆಡಳಿತ ಕೊನೆಗೊಂಡು, 1956ರ ನವೆಂಬರ್ 1ರಂದು ಈ ಕನ್ನಡ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟ ಮೇಲೆ ಯಾದಗಿರಿಯೇ ಒಂದು ಜಿಲ್ಲೆಯ ಕೇಂದ್ರವಾಗಿದೆ. "ಹಂಗಾದ್ರ ನಮ್ಮ ಕಡೆಯವನೂ ಒಬ್ಬ ಹಾರಿದ್ದ," ಎಂದು ಮುತ್ಯಾ ಹೇಳಿದುದನ್ನು ಕೇಳಿ ಹುಡುಗನಿಗೆ ಊರಿನ ಮೇಲೆ ಗೌರವ ಹೆಚ್ಚಿತು.

ಶಹಾಪುರದ ಬಸ್ಸು ಭೀಮಾ ಸೇತುವೆಯನ್ನು ದಾಟಿದೊಡನೆ ನೆಲದ ಬಣ್ಣವೇ ಬದಲಾಗುತ್ತದೆ. ಎರಡು ನದಿಗಳ ನಡುವಣ ಕರಿಯ ಎರೆಭೂಮಿ, ತೊಗರಿ, ಹತ್ತಿ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಜಲಾಶಯದ ಎಡದಂಡೆ ಕಾಲುವೆ ಹರಿದ ಕಡೆಗಳಲ್ಲಿ ಬತ್ತದ ಹಸಿರು. ಒಂದು ಕಾಲದಲ್ಲಿ ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಈ ಹಸಿರನ್ನು ಕಂಡಾಗ ಹಳಬರ ಕಣ್ಣು ಅಲ್ಲಿಯೇ ನಿಲ್ಲುವುದು ಸಹಜ.

ಊರು ಹತ್ತಿರವಾದಂತೆ ದಿಗಂತದಲ್ಲಿ ಮಲಗಿದ ಬುದ್ಧನು ಕಾಣಿಸಿದನು. ಯಾವ ಶಿಲ್ಪಿಯೂ ಕಡೆದುದಲ್ಲ. ಬೆಟ್ಟಗಳ ಸಾಲು ತಾನಾಗಿಯೇ ತಲೆ, ಎದೆ, ಹೊಟ್ಟೆ, ಕಾಲುಗಳಾಗಿ, ಅಂಗಾತ ಮಲಗಿದ ಮಹಾಪುರುಷನಂತೆ ತೋರುತ್ತದೆ. ದೂರದ ರಸ್ತೆಯಿಂದ ನೋಡಿದವರಿಗೆ ಮಾತ್ರ ಈ ರೂಪ. ಹತ್ತಿರ ಹೋದರೆ ಬರಿಯ ಬಂಡೆ.

"ಬುದ್ಧನೂ ಶಕ್ತಿ ಬಿಟ್ಟವನೇ ಅಲ್ವಾ, ಮುತ್ಯಾ? ರಾಜನ ಮಗ, ಅರಮನೆ ಬಿಟ್ಟು ಹೋದನಂತೆ."

ಮುತ್ಯಾ ತಕ್ಷಣ ಉತ್ತರಿಸಲಿಲ್ಲ. ಚಿತ್ರದ ನಾಯಕನು ಬಿಟ್ಟುದು ತನ್ನೊಬ್ಬನ ಸುಖಕ್ಕಾಗಿ. ಆದುದರಿಂದ ಅವನಿಗೆ ಪೆಟ್ಟು ಬಿದ್ದಿತು. ಬುದ್ಧನು ಬಿಟ್ಟುದು ಲೋಕದ ದುಃಖಕ್ಕೆ ಮದ್ದು ಹುಡುಕಲು. ಭೀಮೆಯ ದಂಡೆಯಲ್ಲೇ, ಇಲ್ಲಿಂದ ಮೇಲೆ, ಸನ್ನತಿ ಎಂಬ ಊರಿದೆ. ಅಲ್ಲಿ 1986ರಲ್ಲಿ ಗುಡಿಯೊಂದರ ಮಾಡು ಕುಸಿದ ಮೇಲೆ ಅಶೋಕನ ಶಾಸನಗಳಿದ್ದ ಕಲ್ಲು ಬೆಳಕಿಗೆ ಬಂದಿತು. ನೆರೆಯ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಅಶೋಕನ ಹೆಸರನ್ನು ಬರೆದ ಅವನದೇ ಶಿಲ್ಪ ದೊರೆಯಿತು. ಕಳಿಂಗದಲ್ಲಿ ಗೆದ್ದ ಮೇಲೆ ಖಡ್ಗವನ್ನು ಕೆಳಗಿಟ್ಟ ದೊರೆ ಅವನು. ಇಷ್ಟನ್ನು ಹೇಳಿ ಮುತ್ಯಾ ಸೇರಿಸಿದರು: "ಬಿಡೂದು ಸೋಲಲ್ಲ, ತಮ್ಮಾ. ಯಾಕ ಬಿಟ್ಟ ಅನ್ನೂದ ಮುಖ್ಯ."

ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಗುಡ್ಡಗಳ ತೋಳಿನೊಳಗೆ ಅಡಗಿ ಕುಳಿತ ಊರು. ಬೇಡ ನಾಯಕರ ರಾಜಧಾನಿ. ಇವರ ಹಿಂದಿನ ನೆಲೆ ಹತ್ತಿರದ ವಾಗಿನಗೇರಿ. 1705ರಲ್ಲಿ ಮುದಿ ಔರಂಗಜೇಬನು ಸ್ವತಃ ನಿಂತು ಅದನ್ನು ಮುತ್ತಿದನು. ಅವನು ತಾನೇ ನಡೆಸಿದ ಮುತ್ತಿಗೆಗಳಲ್ಲಿ ಅದೇ ಕಡೆಯದು. ಕೋಟೆಯೇನೋ ಅವನ ಕೈಸೇರಿತು. ಪಿಡ್ಡ ನಾಯಕನು ಮಾತ್ರ ರಾತ್ರಿಯ ಕತ್ತಲೆಯಲ್ಲಿ ಜಾರಿಹೋಗಿ, ಮರಳಿ ಬಂದು ಮತ್ತೆ ನೆಲೆನಿಂತನು. ಬಿದ್ದವನು ಮರಳಿ ಎದ್ದ ಕಥೆ ಈ ಸೀಮೆಗೆ ಹೊಸತಲ್ಲ.

ಆದರೆ ಸುರಪುರದ ಮನಸ್ಸಿನಲ್ಲಿ ಆರದೆ ಉಳಿದಿರುವುದು ಮರಳಿ ಬಾರದವನ ಕಥೆ. ರಾಜಾ ವೆಂಕಟಪ್ಪ ನಾಯಕನು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡನು. ಸಂಸ್ಥಾನದ ಮೇಲ್ವಿಚಾರಣೆಗೆ ಬಂದವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಠಕ್ಕರ ಕುರಿತ ಕಾದಂಬರಿಯಿಂದ ಹೆಸರಾಗಿದ್ದ ಬರಹಗಾರ. ಹುಡುಗ ರಾಜನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಟೇಲರನು ವಾಸವಾಗಿದ್ದ ಬಂಗಲೆ ಇಂದಿಗೂ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ನಿಂತಿದೆ. 1853ರಲ್ಲಿ ಪ್ರಾಯಕ್ಕೆ ಬಂದ ರಾಜನ ಕೈಗೆ ಆಳ್ವಿಕೆ ಬಂದಿತು. ಟೇಲರನು ಬೇರೆಡೆಗೆ ಹೋದನು. 1857ರ ಕಿಚ್ಚು ದಕ್ಷಿಣಕ್ಕೂ ತಾಗಿದಾಗ ತರುಣ ರಾಜನು ಕಂಪನಿಯ ವಿರುದ್ಧ ನಿಂತನು. 1858ರ ಫೆಬ್ರವರಿಯಲ್ಲಿ ಸುರಪುರದ ಹೊರಗೆ ಕಾಳಗ ನಡೆದು ಕ್ಯಾಪ್ಟನ್ ನ್ಯೂಬೆರಿ ಮಡಿದನು. ಹೆಚ್ಚಿನ ದಂಡು ಬರುತ್ತಿದ್ದಂತೆ ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು.

ಮುಂದಿನದನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದು ಅವನ ಮರಣಾನಂತರ 1877ರಲ್ಲಿ ಪ್ರಕಟವಾಯಿತು. ಅವನು ಸೆರೆಮನೆಗೆ ಹೋಗಿ ರಾಜನನ್ನು ಕಂಡನು. ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ನಡತೆ ಸರಿಯಾಗಿದ್ದರೆ ರಾಜ್ಯ ಮರಳಿ ದೊರೆಯಬಹುದೆಂಬ ಆಸೆಯೂ ಉಳಿಯಿತು. ಎಂದರೆ, ವೆಂಕಟಪ್ಪನಿಗೂ ಎರಡನೆಯ ಭಾಗವೊಂದು ಬರೆದಿತ್ತು. ಆದರೆ ಮದರಾಸಿನ ಕಡೆಗೆ ಒಯ್ಯುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಬಲಿಯಾದನು. ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಅವನ ಜಾತಕ ಹೇಳಿತ್ತೆಂದೂ ಟೇಲರನೇ ಬರೆದಿದ್ದಾನೆ. ತಾನೇ ಗುಂಡು ಹಾರಿಸಿಕೊಂಡನೆಂಬುದು ಅವನ ನಿರೂಪಣೆ. ನಾಡಿನ ಜನರಲ್ಲಿ ಹಲವರು ಅದನ್ನು ನಂಬಲಿಲ್ಲ. ಕೊಂದರೆಂದೇ ಅವರ ಮಾತು. ರಾಜ್ಯ ಕೈಬಿಟ್ಟ ಸುರಪುರಕ್ಕೆ ಟೇಲರನು ಮತ್ತೊಮ್ಮೆ ಅಧಿಕಾರಿಯಾಗಿ ಬಂದನು. 'ಅಪ್ಪಾ' ಎಂದು ಕರೆಯುವವನು ಇಲ್ಲದ ಊರಿಗೆ ಆ ಮರುಭೇಟಿ ಹೇಗಿದ್ದಿರಬೇಕು! 1860ರಲ್ಲಿ ಅವನು ಹಿಂದೂಸ್ಥಾನವನ್ನು ಬಿಟ್ಟನು. ಸುರಪುರವನ್ನು ಆಂಗ್ಲರು ನಿಜಾಮರಿಗೆ ಕೊಟ್ಟುದೂ ಆ ವರ್ಷವೇ.

ಆ ರಾತ್ರಿ ಸುರಪುರದ ವಸತಿಗೃಹದಲ್ಲಿ ಧಾರಾವಾಹಿಯ ಉಳಿದ ಕಂತು ನಡೆಯಿತು. ಶಕ್ತಿಹೀನನಾದ ನಾಯಕನು ಹಿಮದ ಅರಮನೆಗೆ ನಡೆದುಹೋಗಿ ತಂದೆಯನ್ನು ಕೂಗಿ ಕರೆಯುತ್ತಾನೆ. ಗತಿಸಿದ ತಂದೆ ತನ್ನಲ್ಲಿ ಉಳಿದಿದ್ದ ಕಡೆಯ ಚೈತನ್ಯವನ್ನು ಮಗನಿಗೆ ಧಾರೆಯೆರೆದು ಶಾಶ್ವತವಾಗಿ ಮರೆಯಾಗುತ್ತಾನೆ. ಮಗನು ಏಳುತ್ತಾನೆ. ಮುತ್ಯಾ ಕನ್ನಡಕವನ್ನು ತೆಗೆದು ಒರೆಸಿಕೊಂಡರು.

"ಇದು ನಾ ನೋಡಿದ ಚಿತ್ರದಾಗ ಇರಲಿಲ್ಲ," ಎಂದು ಕೊನೆಗೂ ಬಾಯಿಬಿಟ್ಟರು. "ನನಗ ಮರವು ಸುರುವಾತೇನೊ."

ಹುಡುಗನು ಮೊಬೈಲಿನಲ್ಲೇ ಹುಡುಕಿ ಉತ್ತರ ತಂದನು. ಚಿತ್ರಗಳು ಎರಡು! ಎರಡನೆಯ ಭಾಗದ ಬಹುಪಾಲನ್ನು ಮೊದಲ ಭಾಗದ ಜೊತೆಯಲ್ಲೇ ಚಿತ್ರಿಸಿದವರು ರಿಚರ್ಡ್ ಡಾನರ್. ನಡುವೆ ಅವರನ್ನು ಬಿಡಿಸಿ, ರಿಚರ್ಡ್ ಲೆಸ್ಟರ್ ಎಂಬವರಿಂದ ಮುಗಿಸಲಾಯಿತು. ತಂದೆಯಾಗಿದ್ದ ಮಾರ್ಲನ್ ಬ್ರಾಂಡೋ ಅವರ ದೃಶ್ಯಗಳನ್ನು ಕೈಬಿಟ್ಟು, ಅವುಗಳ ಬದಲಿಗೆ ತಾಯಿಯ ದೃಶ್ಯಗಳನ್ನು ಇಡಲಾಯಿತು. ಡಾನರರ ದೃಶ್ಯಗಳನ್ನು ಹುಡುಕಿ ಜೋಡಿಸಿದ ರೂಪ ಹೊರಬಂದುದು 2006ರಲ್ಲಿ. ಮುತ್ಯಾ ಅಂದು ಕಂಡುದು ಮೊದಲನೆಯದು. ಹುಡುಗನ ಮೊಬೈಲಿನಲ್ಲಿದ್ದುದು ಎರಡನೆಯದು. ನೆನಪು ತಪ್ಪಿರಲಿಲ್ಲ. ಅವರ ಮುಖದ ಮೇಲಿನ ಗೆಲುವನ್ನು ಕಂಡು ಹುಡುಗನಿಗೆ ಯುದ್ಧವನ್ನೇ ಗೆದ್ದಷ್ಟು ಸಂತೋಷವಾಯಿತು.

ಆಮೇಲೆ ಹುಡುಗನು ಇನ್ನೊಂದು ಸಂಗತಿಯನ್ನೂ ಓದಿ ಹೇಳಿದನು. ನಾಯಕನಾಗಿದ್ದ ಕ್ರಿಸ್ಟೊಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ತಪ್ಪಿದರು. ಗಾಲಿಕುರ್ಚಿಯಲ್ಲೇ ಕುಳಿತು, ತಮ್ಮಂತೆ ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸೆಯ ಸಂಶೋಧನೆಗಾಗಿ ದುಡಿದು, 2004ರಲ್ಲಿ ತೀರಿಕೊಂಡರು. ಹೋಟೆಲಿನಲ್ಲಿ ಪೆಟ್ಟು ತಿಂದು ನೆಲಕ್ಕೆ ಬಿದ್ದವನ ಆ ಮುಖವನ್ನು ಇನ್ನು ಮೊದಲಿನಂತೆ ನೋಡುವುದು ಸಾಧ್ಯವಿರಲಿಲ್ಲ. ಅವರಿಗೆ ಶಕ್ತಿಯನ್ನು ಮರಳಿ ಕೊಡುವ ಹಿಮದ ಅರಮನೆ ಇರಲಿಲ್ಲ. ಎರಡನೆಯ ಭಾಗವನ್ನು ಅವರೇ ನಡೆಸಿದರು.

ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಹುಡುಗನ ದನಿ ಕೇಳಿತು.

"ಮುತ್ಯಾ, ಟೇಲರ್ ಹೇಳಿದ್ದು ಒಂದು, ಊರವರು ಹೇಳೋದು ಒಂದು. ವೆಂಕಟಪ್ಪ ನಾಯಕನದೂ ಎರಡು ಚಿತ್ರ ಅಲ್ವಾ?"

"ಹೌದು, ತಮ್ಮಾ. ಒಂದನ್ನ 'ಅಪ್ಪಾ' ಅನಿಸಿಕೊಂಡಾವ ಬರೆದ. ಇನ್ನೊಂದನ್ನ ಊರು ಮನಸಿನ್ಯಾಗ ಇಟಗೊಂಡೈತಿ."

"ಅವನನ್ನ ಉಳಿಸೋಕೆ ಆಗಲಿಲ್ವಾ ಆ ಅಪ್ಪನಿಗೆ?"

ಈ ಪ್ರಶ್ನೆಗೆ ಮುತ್ಯಾ ಉತ್ತರಿಸಲಿಲ್ಲ. ಕೈಚಾಚಿ ಮೊಮ್ಮಗನ ತಲೆಯನ್ನು ನೇವರಿಸಿದರು.

ಬೆಳಗಾದಾಗ ಇಬ್ಬರೂ ಟೇಲರ್ ಮಂಜಿಲಿನ ಗುಡ್ಡವನ್ನು ಹತ್ತಿದರು. ಈ ಸಲ ಮುತ್ಯಾ ಅರ್ಧಕ್ಕೆ ಕುಳಿತುಕೊಳ್ಳಲಿಲ್ಲ. ಹುಡುಗನು ಹೆಗಲು ಕೊಟ್ಟನು. ಅವರು ನಿಂತು ನಿಂತು, ಉಸಿರೆಳೆದುಕೊಂಡು, ಮೇಲಕ್ಕೆ ಬಂದರು. ಕೆಳಗೆ ಗುಡ್ಡಗಳ ನಡುವೆ ಸುರಪುರವು ಹೊಗೆಯಾಡುತ್ತ ಏಳುತ್ತಿದ್ದಿತು.